ಮೂಳೆ ಪ್ರಿಂಟ್ ಮಾಡುವ ಮಗಳು

ಪ್ರಶ್ನೆ: ನಾವು ಕಾರ್ಕಳದ ಕಡೆಯವರು, ಸಾನಪಾಡಾದಲ್ಲಿ ಇದ್ದೇವೆ. ಮಗಳು ಪೊವೈಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮೂಳೆ ಹೋದ ಜಾಗಕ್ಕೆ ಕೂರಿಸಲು 3ಡಿ ಪ್ರಿಂಟರ್‌ನಲ್ಲಿ ತೆಗೆಯುವ ವಸ್ತು ತಯಾರಿಸುವುದಂತೆ. ನಾಲ್ಕು ವರ್ಷವಾಯಿತು, ಒಬ್ಬ ರೋಗಿಗೂ ಹಾಕಿದ್ದಿಲ್ಲ. ರಾತ್ರಿ ಠಾಣೆಯಿಂದ ಲೋಕಲ್ ಹಿಡಿದು ಬಂದವಳು "ಇವತ್ತೂ ನಾಝಲ್ ಕಟ್ಟಿಕೊಂಡಿತು" ಎಂದು ಊಟ ಬಿಟ್ಟು ಮಲಗುತ್ತಾಳೆ. "ಟೈಟಾನಿಯಂ ಇರುವಾಗ ಇದೆಲ್ಲ ಯಾಕೆ? ಬಿಡಿಸಿ ಮದುವೆ ಮಾಡು" ಎನ್ನುತ್ತಾರೆ ನನ್ನ ಅಣ್ಣ. ಏನು ಮಾಡಲಿ?

ಉತ್ತರ: ಅಮ್ಮಾ, ಅಣ್ಣನವರ ಮೊದಲರ್ಧದ ಪ್ರಶ್ನೆ ಸರಿಯಾದದ್ದೇ. ಟೈಟಾನಿಯಂ ಒಳ್ಳೆಯ ಲೋಹ. ಆದರೆ ಗಟ್ಟಿ ಮೂಳೆಗಿಂತ ಹಲವು ಪಟ್ಟು ಬಿರುಸು. ಮೈಭಾರವನ್ನು ಅದೇ ಹೊತ್ತುಬಿಟ್ಟರೆ ಕೆಲಸವಿಲ್ಲದ ಮೂಳೆ ಸೊರಗುತ್ತದೆ. ಇಂಥ ಸಂಶೋಧಕರು ಹುಡುಕುವುದು ಹೊಸ ಮೂಳೆ ಬೆಳೆಯುವ ತನಕ ನಿಂತು, ಆಮೇಲೆ ತಾನಾಗಿ ಕರಗುವ ಆಸರೆಯನ್ನು.

ಅದಕ್ಕೆ ಸಾಮಾನ್ಯವಾಗಿ ಪಿಸಿಎಲ್‌ನಂಥ ಕರಗುವ ಪ್ಲಾಸ್ಟಿಕ್‌ಗೆ ಹೈಡ್ರಾಕ್ಸಿಅಪಟೈಟ್ ಪುಡಿ ಬೆರೆಸುತ್ತಾರೆ; ನಮ್ಮ ಮೂಳೆಯ ಖನಿಜವೂ ಅದೇ ಜಾತಿಯದು. ಶ್ಯಾವಿಗೆ ಒರಳು ಒತ್ತಿದ ನಿಮಗೆ ಹದದ ಕಷ್ಟ ಗೊತ್ತು. ಪುಡಿ ಹೆಚ್ಚಾದರೆ ಪ್ರಿಂಟರ್‌ನ ಮೂತಿ, ಅಂದರೆ ನಾಝಲ್, ಕಟ್ಟುತ್ತದೆ, ಎಳೆ ಪಟಪಟನೆ ಮುರಿಯುತ್ತದೆ. ಕಡಿಮೆಯಾದರೆ ಪ್ರಿಂಟ್ ಸೊಗಸಾಗಿ ಬರುತ್ತದೆ, ಮೂಳೆಯ ಜೀವಕೋಶಗಳು ಮಾತ್ರ ಅಷ್ಟಾಗಿ ಒಗ್ಗುವುದಿಲ್ಲ. ರಕ್ತನಾಳ ನುಸುಳಲು ಸುಮಾರು 300 ಮೈಕ್ರಾನ್‌ನ ರಂಧ್ರಗಳು ಬೇಕು. ರಂಧ್ರ ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಇದೆಲ್ಲ ಹೊಂದಿತು ಎನ್ನುವಾಗ ಕ್ರಿಮಿಶುದ್ಧಿಗೆ ಹಾಯಿಸಿದ ಗಾಮಾ ಕಿರಣ ಪ್ಲಾಸ್ಟಿಕ್‌ನ ಗುಣವನ್ನೇ ಬದಲಿಸಬಹುದು. ಅವಳ ಬೇಸರಕ್ಕೆ ಕಾರಣವಿದೆ.

ಆಮೇಲೆ ಪ್ರಾಣಿಗಳ ಮೇಲಿನ ಪರೀಕ್ಷೆ, ನೈತಿಕ ಸಮಿತಿ, 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಕೇಂದ್ರದ ಅನುಮತಿ. ಆಗುವುದೇ ಇಲ್ಲ ಎಂದುಕೊಳ್ಳಬೇಡಿ. ತಲೆಬುರುಡೆಯ ತೂತು ಮುಚ್ಚಲು ಸಿಂಗಪುರದವರು ಪ್ರಿಂಟ್ ಮಾಡಿದ ಪಿಸಿಎಲ್ ಜಾಲರಿಗೆ 2006ರಲ್ಲೇ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು. ನಿಮ್ಮ ಪಕ್ಕದ ಪೊವೈ ಐಐಟಿಯಲ್ಲೇ ವೈದ್ಯರನ್ನೂ ಎಂಜಿನಿಯರರನ್ನೂ ಒಟ್ಟು ಕೂರಿಸುವ ಬೆಟಿಕ್ ಕೇಂದ್ರ 2014ರಿಂದ ಇದೆ. ಅದನ್ನು ಕಟ್ಟಿದ ಪ್ರೊ. ಬಿ. ರವಿ 2023ರಲ್ಲಿ ನಿಮ್ಮ ಊರಿನ ಹತ್ತಿರದ ಸುರತ್ಕಲ್ ಎನ್‌ಐಟಿಕೆಗೆ ನಿರ್ದೇಶಕರಾಗಿ ಬಂದರು.

ನೀವು ಎರಡು ವಿಷಯವನ್ನು ಒಂದು ಮಾಡಿಕೊಂಡಿದ್ದೀರಿ. ರೋಗಿಯ ಕಾಲಿಗೆ ಕೂರುವ ಇಂಪ್ಲಾಂಟ್ ಬೇರೆ, ಪಿಎಚ್‌ಡಿ ಬೇರೆ. ಯಾವ ಪ್ರಮಾಣದಲ್ಲಿ, ಯಾಕೆ ಎಳೆ ಮುರಿಯುತ್ತದೆ ಎಂದು ಅವಳು ಪಕ್ಕಾ ತೋರಿಸಿಕೊಟ್ಟರೂ ಪ್ರಬಂಧಕ್ಕೆ ಹುರುಳಿರುತ್ತದೆ. ಹಾಗಾಗಿ "ಯಾವಾಗ ಮುಗಿಯುತ್ತೆ?" ಅನ್ನಬೇಡಿ. "ಪ್ರಬಂಧದ ಸಿನಾಪ್ಸಿಸ್‌ಗೆ ಇನ್ನೇನು ಬಾಕಿ, ಗೈಡ್ ಏನಂದರು?" ಎಂದು ಕೇಳಿ. ಅದಕ್ಕೆ ಅವಳಲ್ಲೇ ಉತ್ತರವಿಲ್ಲದಿದ್ದರೆ ಗೈಡ್ ಜೊತೆ ಕೂತು ತಿಂಗಳುಗಳ ಲೆಕ್ಕ ಬರೆಸಿಕೊಳ್ಳಲಿ. ಮದುವೆಯ ಮಾತು ಅವಳೇ ಎತ್ತಲಿ. ಅಣ್ಣನವರಿಗೆ ಅಷ್ಟು ಹೇಳುವ ಹಕ್ಕು ನಿಮಗಿದೆ.

ನನಗೆ ಟೈಟಾನಿಯಂಗಿಂತ ಚಿಂತೆಯಾದದ್ದು ಆ ಬಿಟ್ಟ ಊಟ. ಒಂದೆರಡು ದಿನದ್ದಾದರೆ ದಣಿವು. ವಾರಗಟ್ಟಲೆ ಊಟ, ನಿದ್ದೆ, ಮಾತು ಮೂರೂ ಕಡಿಮೆಯಾಗಿದ್ದರೆ ಸಂಸ್ಥೆಯ ಆಪ್ತಸಲಹೆಗಾರರನ್ನು ಕಾಣಲು ಹೇಳಿ. ಸಂಕೋಚಪಟ್ಟರೆ ಸರ್ಕಾರದ ಟೆಲಿ-ಮಾನಸ್‌ಗೆ, 14416ಕ್ಕೆ, ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ. ಬೇಕಿದ್ದರೆ ಮೊದಲು ನೀವೇ ಕರೆ ಮಾಡಿ ವಿಚಾರಿಸಿ.