ಸುಣ್ಣ ಬೇಕಿರುವುದು ಗದ್ದೆಗಲ್ಲ, ಡ್ರಮ್ಮಿಗೆ

ನಾಟಿ ಮುಗಿದು ಮೂರು ವಾರ ಆಗುತ್ತಿದ್ದಂತೆ ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ನಾಲಾ ಬಯಲಿನಿಂದ ಪ್ರತಿ ಮುಂಗಾರಿನಲ್ಲೂ ಬರುವ ದೂರು ಒಂದೇ: "ಪೈರೆಲ್ಲ ಕೆಂಪಗಾಗ್ಬುಟ್ಟದೆ ಸಾ, ಬೆಂಕಿ ರೋಗ ಬಿದ್ದದೆ." ಹೋಗಿ ನೋಡಿದರೆ ಗದ್ದೆಯ ತಗ್ಗಿನ ಕಡೆ ಮಾತ್ರ ಪೈರು ಕುಳ್ಳಗೆ ನಿಂತಿರುತ್ತದೆ. ಹಳೆಯ ಎಲೆಗಳ ಮೇಲೆ ತುಕ್ಕಿನ ಚುಕ್ಕಿ, ಎಳೆಯ ಎಲೆಯ ಬುಡದಲ್ಲಿ ನಡುನರ ಬಿಳಿಚಿಕೊಂಡಿರುತ್ತದೆ. ಬೆಂಕಿ ರೋಗದ ಚುಕ್ಕೆ ಎರಡೂ ತುದಿ ಚೂಪಾಗಿ ನಡುವೆ ಬೂದಿ ಬಣ್ಣಕ್ಕಿರುತ್ತದೆ. ಗದ್ದೆಯಲ್ಲಿ ಕಾಣುವುದು ಆ ರೋಗವೇ ಅಲ್ಲ, ಸತುವಿನ ಕೊರತೆ. ನಾನು ಹೋಗುವಷ್ಟರಲ್ಲಿ ಒಂದು ಸುತ್ತು ಯೂರಿಯಾ ಬಿದ್ದಿರುತ್ತದೆ, ಒಂದು ಸುತ್ತು ಟ್ರೈಸೈಕ್ಲಜೋಲ್ ಹೊಡೆದಾಗಿರುತ್ತದೆ. ಅವೆರಡನ್ನೂ ಹೇಗೋ ಸಹಿಸಿಕೊಳ್ಳುತ್ತೇನೆ. ಸಹಿಸಲಾಗದ್ದು ಬದುವಿನ ಮೇಲೆ ಬಿದ್ದಿರುವ ಖಾಲಿ ಸುಣ್ಣದ ಚೀಲ.

ಯಾರು ಹೇಳಿದರು ಎಂದರೆ "ಮಲ್ನಾಡಲ್ಲಿ ಹಾಕ್ತಾರಂತಲ್ಲಾ ಸಾ" ಎಂಬ ಉತ್ತರ. ಹಾಕುತ್ತಾರೆ, ನಿಜ. ಅಲ್ಲಿನ ಮಳೆ ಮಣ್ಣಿನೊಳಗಿನ ಸುಣ್ಣದ ಅಂಶವನ್ನೆಲ್ಲ ತೊಳೆದು ಮಣ್ಣು ಹುಳಿಯಾಗಿದೆ, ಹುಳಿ ಮುರಿಯಲು ಸುಣ್ಣ ಬೇಕು. ನಿಮ್ಮ ತಗ್ಗಿನ ಗದ್ದೆ ಅದಕ್ಕೆ ತದ್ವಿರುದ್ಧ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯಲು ಶುರುವಾಗಿ ತೊಂಬತ್ತು ವರ್ಷ ದಾಟಿತು. ನೀರು ತರುವ ಕಾಲುವೆ ಕಾದುಕೊಂಡಷ್ಟು ಶ್ರದ್ಧೆಯಿಂದ ಬಸಿಗಾಲುವೆಯನ್ನು ಯಾರೂ ಕಾಯಲಿಲ್ಲ. ನಿಂತ ನೀರು ಆರುತ್ತ ಆರುತ್ತ ಉಪ್ಪನ್ನು ಮೇಲಕ್ಕೆ ಬಿಟ್ಟುಹೋಗುತ್ತದೆ. ಹಿಂದೆ ಬಟ್ಟೆ ಒಗೆಯಲು ಹೊತ್ತು ತರುತ್ತಿದ್ದ ಸೌಳು ಮಣ್ಣು ಇದರ ಜಾತಿಯದೇ. ಇಂಥ ಕ್ಷಾರದ ಮಣ್ಣಿನಲ್ಲಿ ಪೈರಿಗೆ ಸತು ಸಿಗುವುದೇ ಕಷ್ಟ, ಅದಕ್ಕೆ ಮತ್ತೊಂದು ಕ್ಷಾರವಾದ ಸುಣ್ಣ ಸುರಿದರೆ ಏನು ಸಿಕ್ಕೀತು? ಒಲೆಯ ಬೂದಿ ಎರಚುವವರಿಗೂ ಇದೇ ಮಾತು, ಬೂದಿಯೂ ಕ್ಷಾರವೇ.

ರಸಾಯನಶಾಸ್ತ್ರ ಇಲ್ಲಿ ಬೇಕಿರುವುದು ಚೂರೇ ಚೂರು. ರಸಸಾರ 7 ಇದ್ದರೆ ಸಮ, ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಒಂದು ಅಂಕಿ ಏರಿದರೆ ಕ್ಷಾರ ಹತ್ತುಪಟ್ಟು, ಆದ್ದರಿಂದ 8ಕ್ಕೂ 9ಕ್ಕೂ ಏನು ಮಹಾ ವ್ಯತ್ಯಾಸ ಎನ್ನಬೇಡಿ. ಹುಳಿ, ಕ್ಷಾರ ಎರಡೂ ಕೂಡಿದರೆ ಒಂದರ ಕಸುವನ್ನು ಇನ್ನೊಂದು ಮುರಿದು ಉಪ್ಪು, ನೀರು ಉಳಿಯುತ್ತದೆ. ಓಕುಳಿ ಕಲಸುವ ಹೆಂಗಸರಿಗೆ ಇದು ಗೊತ್ತು: ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪು, ಮೇಲೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಆಲೆಮನೆಯಲ್ಲಿ ಪಾಕ ನೋಡುವವನಿಗೂ ಗೊತ್ತು. ಕಬ್ಬಿನ ಹಾಲಿನ ಹುಳಿ ಮುರಿಯಲು ಕೊಪ್ಪರಿಗೆಗೆ ಸುಣ್ಣದ ತಿಳಿ ಬಿಡುತ್ತಾನೆ, ಕೈ ಮೀರಿದರೆ ಬೆಲ್ಲ ಕಪ್ಪಾಗುತ್ತದೆಂದು ಅಳೆದೇ ಬಿಡುತ್ತಾನೆ. ಆ ಅಳತೆ ಗದ್ದೆಗೆ ಬಂದಾಗ ಎಲ್ಲಿ ಹೋಗುತ್ತದೋ ಕಾಣೆ.

ಕ್ಷಾರದ ಗದ್ದೆಗೆ ಬೇಕಾದ್ದು ಜಿಪ್ಸಂ. ಬಿಳಿ ಪುಡಿ ಎಂಬುದು ಬಿಟ್ಟರೆ ಸುಣ್ಣಕ್ಕೂ ಅದಕ್ಕೂ ಸಂಬಂಧ ಹಚ್ಚಬೇಡಿ. ಸುಣ್ಣ ಕ್ಷಾರದ ಮಣ್ಣಿನಲ್ಲಿ ಕರಗುವುದೇ ಕಷ್ಟ. ಜಿಪ್ಸಂ ಕರಗಿ, ಅದರ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಪ್ರಮಾಣವನ್ನು ಪರೀಕ್ಷೆಯ ವರದಿ ಹೇಳಬೇಕು, ಅಂಗಡಿಯವನಲ್ಲ. ವರದಿಯಲ್ಲಿ ಎಕರೆಗೆ 4 ಟನ್ ಎಂದಿದ್ದರೆ ಭತ್ತಕ್ಕೆ ಅದರ ಅರ್ಧ ಸಾಕು, ಅಂದರೆ 50 ಕೆಜಿಯ 40 ಮೂಟೆ. ಪುಡಿ 2 ಮಿಮೀ ಜರಡಿಯಲ್ಲಿ ಇಳಿಯುವಷ್ಟು ನಯವಾಗಿರಲಿ. ಮೇಲಿನ ನಾಲ್ಕು ಅಂಗುಲದಲ್ಲಷ್ಟೇ ಬೆರೆಸಿ, ಆಳಕ್ಕೆ ಉಳಬೇಡಿ. ನಾಲ್ಕು ಅಂಗುಲ ನೀರು ಕಟ್ಟಿ 10ರಿಂದ 15 ದಿನ ನಿಲ್ಲಿಸಿ, ಆಮೇಲೆ ಆ ನೀರನ್ನು ಹೊರಕ್ಕೆ ಬಿಡಿ. ಹೊರಕ್ಕೆ ಎಂದರೆ ಬಸಿಗಾಲುವೆಗೆ, ಕೆಳಗಿನವನ ಗದ್ದೆಗಲ್ಲ! ನೀರು ಬಿಡದಿದ್ದರೆ ಎಬ್ಬಿಸಿದ ಸೋಡಿಯಂ ಅಲ್ಲೇ ಸುತ್ತಾಡಿಕೊಂಡಿರುತ್ತದೆ, 40 ಮೂಟೆಯ ದುಡ್ಡು ನೀರುಪಾಲೂ ಆಗುವುದಿಲ್ಲ, ಮಣ್ಣುಪಾಲು. ಬಿಳಿ ಉಪ್ಪು ಹೂತಿದ್ದು ರಸಸಾರ 8.5ರ ಒಳಗಿದ್ದರೆ ಜಿಪ್ಸಂ ಕೂಡ ಬೇಡ. ನೀರು ಕಟ್ಟಿ ಬಸಿಯುವುದೇ ಮದ್ದು.

ಸತುವಿನ ಮಾತು. ನಾಟಿಗೆ ಮೊದಲು ಎಕರೆಗೆ 8 ಕೆಜಿ ಸತುವಿನ ಸಲ್ಫೇಟ್, ಕ್ಷಾರದ ಗದ್ದೆಗೆ 10 ಕೆಜಿ. ಇದು 21% ಸತು ಇರುವ ಹರಳಿನ ಲೆಕ್ಕ. ಚೀಲದ ಮೇಲೆ 33% ಎಂದಿದ್ದರೆ 5ರಿಂದ 6.5 ಕೆಜಿ ಸಾಕು. ಡಿಎಪಿ ಜೊತೆ ಒಂದೇ ಪುಟ್ಟಿಯಲ್ಲಿ ಕಲಸಬೇಡಿ, ರಂಜಕ ಸತುವನ್ನು ಕಟ್ಟಿಹಾಕುತ್ತದೆ. ಸಾರಜನಕವನ್ನು ಶಿಫಾರಸಿನ 40 ಕೆಜಿ ಬದಲು 50 ಕೆಜಿಗೆ ಏರಿಸಿ ಕಂತಿನಲ್ಲಿ ಕೊಡಿ. ಕ್ಷಾರದಲ್ಲಿ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ, ಸಿಕ್ಕರೆ ಅಮೋನಿಯಂ ಸಲ್ಫೇಟ್ ಮೇಲು.

ಈಗಾಗಲೇ ಕೆಂಪಾದ ಪೈರಿಗೆ ಸಿಂಪಡಣೆಯೇ ದಾರಿ, ಸುಣ್ಣ ಬೇಕಿರುವುದೂ ಇಲ್ಲೇ. 200 ಲೀಟರ್ ನೀರಿಗೆ 1 ಕೆಜಿ ಸತುವಿನ ಸಲ್ಫೇಟ್, ಅರ್ಧ ಕೆಜಿ ಸುಣ್ಣ. ಸತುವಿನ ದ್ರಾವಣ ಹುಳಿ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಸುಣ್ಣವನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಬೆರೆಸಿ. 10-12 ದಿನ ಬಿಟ್ಟು ಇನ್ನೊಂದು ಸಲ. ಗದ್ದೆಗೆ ಮೂಟೆಗಟ್ಟಲೆ ಸುಣ್ಣ ಸುರಿದವರೇ ಡ್ರಮ್ಮಿಗೆ ಅರ್ಧ ಕೆಜಿ ಹಾಕಲು "ನಾಜಲ್ ಕಟ್ಟುತ್ತೆ" ಎಂದು ಬಿಡುತ್ತಾರೆ. ಸೋಸಿದರೆ ಕಟ್ಟುವುದಿಲ್ಲ.

ನಾಗಮಂಗಲ, ಕೆ.ಆರ್. ಪೇಟೆಯ ತೆಂಗಿನವರೂ ಇದೇ ತಪ್ಪು ಮಾಡುತ್ತಾರೆ. ಸುಳಿ ಕೊಳೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದೆ, ಮರ ಸತ್ತೇಹೋಯಿತು ಎನ್ನುತ್ತಾರೆ. ಕೇಳಿದರೆ ಸುಣ್ಣ ಅಂದಾಜಿಗೆ, ಅದೂ ವರ್ಷದಿಂದ ಮೂಲೆಯಲ್ಲಿ ಗಾಳಿ ಹೊಡೆಸಿಕೊಂಡಿದ್ದು. ಗಾಳಿ ಹಿಡಿದ ಸುಣ್ಣ ಮತ್ತೆ ಸುಣ್ಣಕಲ್ಲಾಗುತ್ತದೆ, ಅದಕ್ಕೆ ಹುಳಿ ಮುರಿಯುವ ಕಸುವು ಕಡಿಮೆ. ಕೃಷಿ ವಿಜ್ಞಾನಿ ಕೋಲ್‌ಮನ್ ಸಾಹೇಬರು ಮಲೆನಾಡಿನ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಕಲಿಸಿ ನೂರು ವರ್ಷ ಮೀರಿತು, ಅಳತೆ ಬದಲಾಗಿಲ್ಲ: 1 ಕೆಜಿ ಮೈಲುತುತ್ತ 50 ಲೀಟರಿನಲ್ಲಿ, 1 ಕೆಜಿ ಹೊಸ ಸುಟ್ಟ ಸುಣ್ಣ 50 ಲೀಟರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ, ತಿರುವುಮುರುವು ಬೇಡ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ. ಉಜ್ಜಿ ಹೊಳೆಯಿಸಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ. ತಾಮ್ರದ ಕೆಂಪು ಹಿಡಿದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣದ ತಿಳಿ ಬಿಡಿ. ಅಂದಿನದು ಅಂದೇ ಖರ್ಚಾಗಬೇಕು. ನಾಲೆಯ ಕಡೆಯವರು ಜಿಪ್ಸಂ ಹಾಕಿದರೆಂದು ತೆಂಗಿನವರು ನೀವು ನೀರು ನಿಲ್ಲದ ಕೆಂಪು ಮಣ್ಣಿನ ಹೊಲಕ್ಕೆ ಸೌಳು ಮಣ್ಣಿನ ಪ್ರಮಾಣದಲ್ಲಿ ಹಾಕಬೇಡಿ.

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿ ನಿಮ್ಮಲ್ಲಿ ಹಲವರ ಬಳಿ ಇದೆ. ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿಯ ಲೆಕ್ಕ ಅದು, ಮಣ್ಣು ಪಕ್ಕದವನದೂ ಇದ್ದೀತು. ಜಿಪ್ಸಂ ಕೊಳ್ಳಲು ಅದನ್ನು ನಂಬಿ ಕೂರಬೇಡಿ. ಕಟಾವಾದ ಮೇಲೆ, ಹುಲ್ಲು ಸುಡುವ ಮೊದಲು, ಎಂಟು ಹತ್ತು ಕಡೆ ಆರು ಅಂಗುಲ ಆಳಕ್ಕೆ ಇಂಗ್ಲಿಷ್ ವಿ ಆಕಾರದಲ್ಲಿ ತೋಡಿ ಅಂಚಿನ ಮಣ್ಣು ತೆಗೆಯಿರಿ. ಬದು, ತಿಪ್ಪೆಯ ಜಾಗ ಬಿಡಿ. ಕೆಂಪಾದ ಮೂಲೆಯದು ಬೇರೆ ಚೀಲ, ಚೆನ್ನಾಗಿರುವ ಕಡೆಯದು ಬೇರೆ ಚೀಲ. ನೆರಳಲ್ಲಿ ಒಣಗಿಸಿ ತಲಾ ಅರ್ಧ ಕೆಜಿ ಪರೀಕ್ಷೆಗೆ ತನ್ನಿ. ಗೊಬ್ಬರದ ಖಾಲಿ ಚೀಲದಲ್ಲಿ ತಂದವರನ್ನು ವಾಪಸ್ ಕಳಿಸುತ್ತೇನೆ.