ಜಾನಿ ಕ್ಯಾಶ್: ನಾಲ್ಕು ಹಾಡುಗಳು, ಒಂದು ವೀಡಿಯೊ

ಮಕ್ಕಳೇ, ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ಹುಟ್ಟಿ ಬೆಳೆದ ಸಂಗೀತಕ್ಕೆ ಕಂಟ್ರಿ ಸಂಗೀತ ಎನ್ನುತ್ತಾರೆ. ಗಿಟಾರ್, ಪಿಟೀಲು, ಬ್ಯಾಂಜೊ ಅದರ ಮುಖ್ಯ ವಾದ್ಯಗಳು. ಅದರ ರಾಗ ಸರಳ, ಮಾತು ನೇರ. ಹೆಚ್ಚಿನ ಹಾಡುಗಳಲ್ಲಿ ಒಂದು ಕಥೆ ಇರುತ್ತದೆ. ಈ ಸಂಗೀತದ ಹಿರಿಯ ಗಾಯಕರಲ್ಲಿ ಒಬ್ಬರಾದ ಜಾನಿ ಕ್ಯಾಶ್ ಅವರ ಪರಿಚಯ ಮಾಡಿಕೊಳ್ಳೋಣ.

ಕ್ಯಾಶ್ ಹುಟ್ಟಿದ್ದು 1932ರ ಫೆಬ್ರವರಿ 26ರಂದು, ಅರ್ಕಾನ್ಸಾ ರಾಜ್ಯದಲ್ಲಿ. ಹತ್ತಿ ಬೆಳೆಯುವ ಬಡ ಕುಟುಂಬ ಅವರದು. ಚಿಕ್ಕಂದಿನಲ್ಲೇ ಹೊಲಕ್ಕಿಳಿದು ದುಡಿದರು. 1944ರಲ್ಲಿ ಅವರ ಅಣ್ಣ ಜ್ಯಾಕ್ ಮರ ಕೊಯ್ಯುವ ಗರಗಸಕ್ಕೆ ಸಿಕ್ಕಿ ತೀರಿಕೊಂಡ. ಆಗ ಜಾನಿಗೆ 12 ವರ್ಷ. ಆ ದುಃಖ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮೊದಲ ಹಾಡು 1956ರ 'ಐ ವಾಕ್ ದ ಲೈನ್'. ದಾರಿ ತಪ್ಪದೆ ನಡೆಯುತ್ತೇನೆ ಎಂಬುದು ಇದರ ಭಾವ. ಹಾಡಿನಲ್ಲಿ ಶ್ರುತಿ ಹಲವು ಬಾರಿ ಬದಲಾಗುತ್ತದೆ. ಚರಣ ಶುರುವಾಗುವ ಮೊದಲು ಕ್ಯಾಶ್ ಬಾಯಿ ಮುಚ್ಚಿ ಗುನುಗಿ ಹೊಸ ಶ್ರುತಿ ಹಿಡಿಯುವುದನ್ನು ಕೇಳಬಹುದು. ಡ್ರಮ್ ಇಲ್ಲದಿದ್ದರೂ ಅದರ ಸದ್ದು ಬರಲಿ ಎಂದು ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿ ನುಡಿಸಿದರು. ಮನೆಯಲ್ಲಿ ಗಿಟಾರ್ ಇದ್ದರೆ ನೀವೂ ಮಾಡಿ ನೋಡಿ.

ಎರಡನೆಯದು 1963ರ 'ರಿಂಗ್ ಆಫ್ ಫೈರ್'. ಇದನ್ನು ಬರೆದವರು ಜೂನ್ ಕಾರ್ಟರ್ ಮತ್ತು ಮರ್ಲ್ ಕಿಲ್ಗೋರ್. ಕ್ಯಾಶ್ ಇದಕ್ಕೆ ಮೆಕ್ಸಿಕೊ ಶೈಲಿಯ ತುತ್ತೂರಿಗಳನ್ನು ಸೇರಿಸಿದರು. ಮುಂದೆ 1968ರಲ್ಲಿ ಜೂನ್ ಅವರನ್ನೇ ಮದುವೆಯಾದರು.

ಮೂರನೆಯದು 'ಫಾಲ್ಸಮ್ ಪ್ರಿಸನ್ ಬ್ಲೂಸ್'. ಇದೊಬ್ಬ ಕೈದಿಯ ಹಾಡು. 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫಾಲ್ಸಮ್ ಜೈಲಿಗೇ ಹೋಗಿ ಕೈದಿಗಳ ಮುಂದೆ ಇದನ್ನು ಹಾಡಿದರು. ಕ್ಯಾಶ್ ಜೈಲುಶಿಕ್ಷೆ ಅನುಭವಿಸಿದ್ದರೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಕೆಲವು ಬಾರಿ ರಾತ್ರಿ ಪೊಲೀಸರ ವಶದಲ್ಲಿದ್ದದ್ದುಂಟು, ಅಷ್ಟೇ. ಆದರೆ ಮಾತ್ರೆಗಳ ಚಟದ ಸೆರೆ ಎಂಥದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1972ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಕೈದಿಗಳ ಪರವಾಗಿಯೂ ಮಾತನಾಡಿದರು.

ನಾಲ್ಕನೆಯದು 'ಹರ್ಟ್'. ಇದು ಅವರ ಸ್ವಂತ ಹಾಡಲ್ಲ. ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್ ಎಂಬ ಯುವಕ ಬರೆದ ಈ ಹಾಡು 1994ರಲ್ಲಿ ಬಂದಿತ್ತು. ಯುವಕನ ಬಾಯಲ್ಲಿ ಅದು ನೋವಿನ ಕೂಗು. 2002ರಲ್ಲಿ 70ರ ಕ್ಯಾಶ್ ಹಾಡಿದಾಗ ಅದೇ ಮಾತುಗಳು ಬಾಳಿನ ಲೆಕ್ಕ ಒಪ್ಪಿಸಿದಂತೆ ಕೇಳಿಸಿದವು. ವೀಡಿಯೊ ನೋಡಿದ ರೆಜ್ನರ್, ಈ ಹಾಡು ಇನ್ನು ತನ್ನದಲ್ಲ ಎಂದರು.

ಆ ವೀಡಿಯೊದ ನಿರ್ದೇಶಕರು ಮಾರ್ಕ್ ರೊಮಾನೆಕ್. ಟೆನೆಸ್ಸೀ ರಾಜ್ಯದಲ್ಲಿದ್ದ ಕ್ಯಾಶ್ ಅವರ ಮನೆಯಲ್ಲಿ ಮತ್ತು ಬಾಗಿಲು ಮುಚ್ಚಿದ್ದ ಅವರದೇ ವಸ್ತುಸಂಗ್ರಹಾಲಯದಲ್ಲಿ ಚಿತ್ರೀಕರಣ ನಡೆಯಿತು. ಸಂಗ್ರಹಾಲಯ ಹಾಳುಬಿದ್ದಿತ್ತು. ಅದನ್ನು ಶುಚಿಗೊಳಿಸಿ ಅಲಂಕರಿಸದೆ ಇದ್ದಂತೆಯೇ ತೋರಿಸಿದರು. ಕ್ಯಾಶ್ ಅವರ ಮುದಿ ಮುಖ, ನಡುಗುವ ಕೈಗಳನ್ನೂ ಮರೆಮಾಚಲಿಲ್ಲ. ನಡುನಡುವೆ ಅವರ ಯೌವನದ ಹಳೆಯ ಚಿತ್ರಗಳು ಬರುತ್ತವೆ. ಮೆಟ್ಟಿಲ ಮೇಲೆ ನಿಂತ ಜೂನ್ ಚಿಂತೆಯಿಂದ ಗಂಡನನ್ನು ನೋಡುತ್ತಾರೆ. ಕೊನೆಯಲ್ಲಿ ಕ್ಯಾಶ್ ಪಿಯಾನೋದ ಮುಚ್ಚಳವನ್ನು ಮೆಲ್ಲಗೆ ಮುಚ್ಚುತ್ತಾರೆ.

2003ರ ಮೇ 15ರಂದು ಜೂನ್ ತೀರಿಕೊಂಡರು. ಸೆಪ್ಟೆಂಬರ್ 12ರಂದು ಕ್ಯಾಶ್ ಕೂಡ ಹೋದರು. 2004ರಲ್ಲಿ ಈ ವೀಡಿಯೊಗೆ ಗ್ರ್ಯಾಮಿ ಪ್ರಶಸ್ತಿ ಬಂತು. 2007ರಲ್ಲಿ ಆ ಮನೆ ಬೆಂಕಿಗೆ ಆಹುತಿಯಾಯಿತು. ಮನೆ ಉಳಿಯಲಿಲ್ಲ, ಚಿತ್ರ ಉಳಿಯಿತು.

ಪೋಷಕರಿಗೆ ಒಂದು ಮಾತು. 'ಹರ್ಟ್' ಹಾಡಿನಲ್ಲಿ ಮಾದಕ ವಸ್ತು ಮತ್ತು ತನ್ನನ್ನು ತಾನೇ ನೋಯಿಸಿಕೊಳ್ಳುವ ಪ್ರಸ್ತಾಪವಿದೆ. ಅದನ್ನು ದೊಡ್ಡ ಮಕ್ಕಳಿಗೆ ಮಾತ್ರ ತೋರಿಸಿ, ಜೊತೆಯಲ್ಲೇ ಕುಳಿತು ನೋಡಿ, ಆಮೇಲೆ ಮಾತನಾಡಿ. ಇನ್ನೊಂದು ವಿಷಯ: ನಮ್ಮ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬದ ವೀಡಿಯೊಗಳಿಗೆ ಬರವಿಲ್ಲ. ಊರಿನಲ್ಲಿರುವ ಅಜ್ಜ ಅಜ್ಜಿಯರ ದನಿ ಎಷ್ಟು ಮನೆಗಳಲ್ಲಿದೆ? ಈ ಸಲ ರಜೆಗೆ ಹೋದಾಗ ಅವರು ಹಾಡುವ ಒಂದು ಹಾಡನ್ನಾದರೂ ತುಂಬಿಕೊಂಡು ಬರೋಣ. ದನಿ ನಡುಗಿದರೂ ಸರಿ.

ಅಭ್ಯಾಸ
1. ಕ್ಯಾಶ್ ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿದ್ದು ಏಕೆ?
2. ಒಂದೇ ಹಾಡನ್ನು ಯುವಕನೂ ಮುದುಕನೂ ಹಾಡಿದರೆ ಅರ್ಥ ಏಕೆ ಬದಲಾಗುತ್ತದೆ?
3. ನಿಮ್ಮ ಅಜ್ಜಿಗೆ ಇಷ್ಟವಾದ ಹಾಡು ಯಾವುದು? ಕೇಳಿ ತಿಳಿದು ಐದು ವಾಕ್ಯ ಬರೆಯಿರಿ.