ಹಿಮ್ಮಡಿ ನೋವು: ಕಾಲೂರುವ ಮುನ್ನ



ನಿವೃತ್ತನಾದ ವರ್ಷ, ಬೆಳಿಗ್ಗೆ ಹಾಸಿಗೆಯಿಂದಿಳಿದು ಕಾಲೂರಿದರೆ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಗುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದದ್ದು ಕಂಡಾಗ ಆಪರೇಷನ್ ಖರ್ಚಿನ ಲೆಕ್ಕ ಹಾಕಿದೆ. ವೈದ್ಯರು ನಕ್ಕರು. ಅಂಥ ಮೂಳೆ ನೋವಿಲ್ಲದವರಲ್ಲೂ ಇರುತ್ತದಂತೆ. ನೋಯುವುದು ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಲ್ಲಿ ಹಬ್ಬಿರುವ ಗಟ್ಟಿ ಪಟ್ಟಿ. ರಾತ್ರಿ ಬಿಗಿದುಕೊಂಡ ಅದು ಮೊದಲ ಹೆಜ್ಜೆಗೆ ಎಳೆಯುತ್ತದೆ.

ವೈದ್ಯರು ಹೇಳಿದ್ದು ಇಷ್ಟೇ: ಏಳುವ ಮುಂಚೆ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹಿಡಿದು 10 ಎಣಿಸಿ, ಹೀಗೆ 10 ಸಲ. ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸಿ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ. ತಿಂಗಳುಗಳೇ ಹಿಡಿದವು, ಆದರೆ ನೋವು ಹೋಯಿತು.

ಸಕ್ಕರೆ ಕಾಯಿಲೆಯವರು ಮಾತ್ರ ಮೊದಲು ವೈದ್ಯರನ್ನು ಕಾಣಲಿ. ಊತ, ಜ್ವರ, ಜೋಮು, ಮಲಗಿದಾಗಲೂ ನೋವು ಇದ್ದರೆ ಯಾರೂ ತಡಮಾಡಬಾರದು.

ನನಗೆ ವಿಶ್ರಾಂತಿ ಇತ್ತು. ದಿನವಿಡೀ ನಿಂತೇ ದುಡಿಯುವ ನಮ್ಮ ಹೋಟೆಲ್ ಕಾರ್ಮಿಕರಿಗೆ ರಜೆಯೆಂದರೆ ಸಂಬಳ ಖೋತಾ. ಅವರ ತಪಾಸಣೆಗೆ, ಒಂದು ಜೊತೆ ಒಳ್ಳೆಯ ಚಪ್ಪಲಿಗೆ ನಮ್ಮ ವೈದ್ಯಕೀಯ ನೆರವು ನಿಧಿ ಒದಗಲಿ. ಕೈಲಾದಷ್ಟು ಕೊಡಿ ಎಂದು ವಿನಂತಿ.